ಉಳಿಕೆ ಮರ ಇಡುವ ಗಾಡಿ, 18 ತಿಂಗಳು ಬಳಸಿದ ಮೇಲೆ

ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಪ್ಲೈವುಡ್ ತುಂಡು, ಉದ್ದ ಪಟ್ಟಿ ಜಾಸ್ತಿ ಉಳಿಯುವವರಿಗೆ ಈ ಗಾಡಿ ಖಂಡಿತ ಉಪಯೋಗಕ್ಕೆ ಬರುತ್ತದೆ. ಅಂಗೈ ಅಗಲದ ಚೂರುಗಳೇ ಜಾಸ್ತಿ ಇರುವವರಿಗೆ ಅಷ್ಟಾಗಿ ಬರುವುದಿಲ್ಲ. ಯಾರೇ ತೆಗೆದುಕೊಂಡರೂ ಗಾಲಿಗಳನ್ನು ಮಾತ್ರ ಬದಲಾಯಿಸಲೇಬೇಕು. ಗಾಡಿ ನನ್ನ ಕೆಲಸದ ಕೋಣೆಗೆ ಬಂದು 18 ತಿಂಗಳಾಯಿತು. ಈ ನಡುವೆ ಒಂದು ಪುಸ್ತಕದ ಕಪಾಟು, ಎರಡು ಮೇಜು, ಒಂದು ಮಂಚ, ಲೆಕ್ಕವಿಲ್ಲದಷ್ಟು ಸಣ್ಣ ಪೆಟ್ಟಿಗೆಗಳನ್ನು ಮಾಡಿದ್ದೇನೆ, ಅಷ್ಟರ ಉಳಿಕೆಯೂ ಇದರ ಮೇಲೇ ಕೂತಿದೆ. ಮೊದಲ ವಾರವೇ ಬರೆದಿದ್ದರೆ ಬರೀ ಹೊಗಳಿರುತ್ತಿದ್ದೆ. ಈಗ ಅದರ ಗುಣ, ದೋಷ ಎರಡೂ ಗೊತ್ತಾಗಿವೆ.

ಗಾಡಿ ಬರುವ ಮೊದಲು ನನ್ನ ಹತ್ತಿರ ಇದ್ದದ್ದು ಒಂದು ರಾಶಿ. ಹಲಗೆಗಳೆಲ್ಲ ಗೋಡೆಗೆ ಒರಗಿಕೊಂಡಿದ್ದವು, ಅವುಗಳ ಮುಂದೆ ಇನ್ನೊಂದು ಸಾಲು, ಅದರ ಮುಂದೆ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ತುಂಡುಗಳು, ಮೂಲೆಯಲ್ಲಿ ಒಂದು ಗೋಣಿಚೀಲದ ತುಂಬ ಚೂರು. ಒಂದು ತುಂಡು ಬೇಕೆಂದರೆ ಎಂಟು ತುಂಡು ಸರಿಸಬೇಕು. ಸರಿಸುವಾಗ ಎರಡು ಕಾಲ ಮೇಲೆ ಬೀಳುತ್ತವೆ. ಬೇಜಾರಾಗಿ ಹೊಸ ಹಲಗೆಯನ್ನೇ ಕೊಯ್ಯುತ್ತೇವೆ, ಅದರಿಂದ ಇನ್ನೊಂದು ಉಳಿಕೆ ಹುಟ್ಟುತ್ತದೆ, ಅದೂ ಅದೇ ರಾಶಿಗೆ ಹೋಗುತ್ತದೆ. ಮರಗೆಲಸ ಮಾಡುವ ಎಲ್ಲರಿಗೂ ಇದು ಗೊತ್ತಿರುವ ಸಂಗತಿಯೇ ಅಲ್ವಾ. ಮರದ ಮೇಲೆ ಪ್ರೀತಿ ಇರುವವರಿಗೆ ಒಳ್ಳೆಯ ತೇಗದ ತುಂಡನ್ನು ಎಸೆಯಲು ಮನಸ್ಸು ಬರುವುದಿಲ್ಲ. ನನಗೂ ಬರುವುದಿಲ್ಲ. ಅದಕ್ಕೇ ಈ ಗಾಡಿ ತಂದೆ.

ವಸ್ತು ಹೇಗಿದೆ ಅಂದರೆ, ಚೌಕ ಕಬ್ಬಿಣದ ಕೊಳವೆಯ ಚೌಕಟ್ಟು, ಅದಕ್ಕೆ 18 ಮಿ.ಮೀ. ಪ್ಲೈವುಡ್ ಹಲಗೆಗಳು. ಉದ್ದ 4 ಅಡಿ, ಅಗಲ 2 ಅಡಿಗೆ ಸ್ವಲ್ಪ ಜಾಸ್ತಿ, ಎತ್ತರ ನನ್ನ ಎದೆಯವರೆಗೆ. ಒಂದು ಬದಿಯಲ್ಲಿ ಶೀಟ್ ತುಂಡುಗಳನ್ನು ನಿಲ್ಲಿಸುವ ಎರಡು ಉದ್ದ ಖಾನೆ, ಎರಡೂ ತುದಿ ತೆರೆದಿರುತ್ತವೆ. ಇನ್ನೊಂದು ಬದಿಯಲ್ಲಿ ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸುವ ಗೂಡುಗಳು, ಮೂರು ಸಾಲು, ಹಿಂದಿನದು ಎತ್ತರ, ನಡುವಿನದು ಮಧ್ಯಮ, ಮುಂದಿನದು ಗಿಡ್ಡ. ಆ ಗೂಡುಗಳ ಕೆಳಗೆ ಒಂದು ದೊಡ್ಡ ಪೆಟ್ಟಿಗೆ. ನಾಲ್ಕು ಗಾಲಿ, ಎರಡಕ್ಕೆ ಲಾಕ್. ಜೊತೆಗೆ ಗೋಡೆಗೆ ಹಾಕುವ ಮೂರು ಜೋಡಿ ಕಬ್ಬಿಣದ ಬ್ರಾಕೆಟ್ ಕೂಡ ಅದೇ ಪೊಟ್ಟಣದಲ್ಲಿ ಬಂದಿದ್ದವು.

ಜೋಡಿಸಲು ನನಗೆ ಮೂರು ಗಂಟೆ ಹಿಡಿಯಿತು. ಕೊಟ್ಟಿರುವ ಕಾಗದದಲ್ಲಿ ಪ್ರತಿ ಹಂತದಲ್ಲೂ ಬೋಲ್ಟ್ ಬಿಗಿ ಮಾಡಿ ಮುಂದಕ್ಕೆ ಹೋಗಿ ಎಂದು ಬರೆದಿದೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಹಾಗೇ ಮಾಡಿ, ಕೊನೆಯ ಎರಡು ತೂತು ಒಂದಕ್ಕೊಂದು ಕೂಡದೆ, ಅರ್ಧ ಗಾಡಿಯನ್ನು ಮತ್ತೆ ಬಿಚ್ಚಿದೆ. ಎಲ್ಲ ಬೋಲ್ಟುಗಳನ್ನೂ ಕೈಯಲ್ಲಿ ಎರಡು ಸುತ್ತು ತಿರುಗಿಸಿ ಸಡಿಲವಾಗಿ ಬಿಡಿ. ಸಮತಟ್ಟಾದ ನೆಲದ ಮೇಲೆ ಗಾಡಿ ನಿಲ್ಲಿಸಿ. ಆಮೇಲೆ ಒಂದು ಮೂಲೆ, ಅದರ ಎದುರು ಮೂಲೆ ಅಂತ ಬಿಗಿ ಮಾಡುತ್ತಾ ಬನ್ನಿ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಒಂದೇ ಇದೆಯಾ ನೋಡಿ. ನನ್ನ ಪೊಟ್ಟಣದಲ್ಲಿ ನಾಲ್ಕು ವಾಷರ್ ಕಡಿಮೆ ಇದ್ದವು, ಒಂದು ಬ್ರಾಕೆಟ್ ಸೊಟ್ಟ ಇತ್ತು. ಮಾರಿದವರಿಗೆ ಫೋಟೋ ಕಳಿಸಿದೆ, ಎರಡನೇ ವಾರದಲ್ಲಿ ಬದಲಿ ಬಂತು, ತಕರಾರು ಮಾಡಲಿಲ್ಲ.

ಈಗ ಶೀಟ್ ಬದಿಯ ಮಾತು. ಇಲ್ಲಿ ಗಾಡಿಗೆ ಒಳ್ಳೆಯ ಅಂಕ ಕೊಡುತ್ತೇನೆ, ಒಂದು ಎಚ್ಚರಿಕೆಯ ಜೊತೆ. ಖಾನೆಯ ತಳ ಚಪ್ಪಟೆಯಾಗಿದೆ, ತುಂಡು ತನ್ನ ಪೂರ್ತಿ ಅಂಚಿನ ಮೇಲೆ ನಿಲ್ಲುತ್ತದೆ, ತುದಿಯಿಂದ ಎಳೆದರೆ ಸಲೀಸಾಗಿ ಜಾರಿ ಬರುತ್ತದೆ. ಗೋಡೆಗೆ ಒರಗಿಸಿದ ರಾಶಿಯಲ್ಲಿ ಹಿಂದಿನದನ್ನು ತೆಗೆಯಲು ಮುಂದಿನದನ್ನೆಲ್ಲ ಹೊಟ್ಟೆಗೆ ಆನಿಸಿಕೊಂಡು ನಿಲ್ಲಬೇಕಿತ್ತು. ಇಲ್ಲಿ ಆ ಪಾಡಿಲ್ಲ. ಆದರೆ ಖಾನೆಯ ಹಿಂಬದಿ ಸ್ವಲ್ಪ ವಾಲಿದೆ. ಖಾನೆ ಅರ್ಧ ಖಾಲಿ ಇದ್ದಾಗ ತುಂಡುಗಳು ಅತ್ತ ವಾಲಿ ಒರಗುತ್ತವೆ. ದಪ್ಪ ತುಂಡಿಗೆ ಏನೂ ಆಗುವುದಿಲ್ಲ, ತೆಳು ತುಂಡಿಗೆ ಆಗುತ್ತದೆ. ನನ್ನ 6 ಮಿ.ಮೀ. ಪ್ಲೈವುಡ್ ಒಂದು ನಾಲ್ಕು ತಿಂಗಳು ಹಾಗೇ ಒರಗಿ ನಿಂತಿತ್ತು. ಡ್ರಾಯರ್ ತಳಕ್ಕೆ ಬೇಕಾಗಿ ಹೊರಗೆ ತೆಗೆದು ಮೇಜಿನ ಮೇಲೆ ಮಲಗಿಸಿದರೆ ನಡುವೆ ಹೊಟ್ಟೆ ಬಂದಿತ್ತು. ಒಂದು ಮೂಲೆ ಒತ್ತಿದರೆ ಎದುರು ಮೂಲೆ ಎದ್ದು ಟಕ್ ಎನ್ನುತ್ತಿತ್ತು. ತೋಡಿನಲ್ಲಿ ಕೂರಿಸಿದ ಮೇಲೆ ನೇರವಾಯಿತು ಅನ್ನಿ, ಬೇರೆ ಯಾವುದಕ್ಕಾದರೂ ಆಗಿದ್ದರೆ ತುಂಡು ಹಾಳು.

ಈಗ ತೆಳು ಶೀಟನ್ನು ಯಾವಾಗಲೂ ಎರಡು ದಪ್ಪ ತುಂಡುಗಳ ನಡುವೆ ಇಡುತ್ತೇನೆ. ಖಾನೆ ತುಂಬದೇ ಇದ್ದರೆ ಒಂದು ಉದ್ದ ರೀಪು ಅಡ್ಡ ಇಟ್ಟು ಎಲ್ಲವನ್ನೂ ನೆಟ್ಟಗೆ ಒತ್ತಿ ನಿಲ್ಲಿಸುತ್ತೇನೆ. ಅಷ್ಟು ಸಾಕು, ಆಮೇಲೆ ಯಾವುದೂ ಬಾಗಿಲ್ಲ.

ಇನ್ನೊಂದು ಬದಿಯ ಗೂಡುಗಳು ಇವೆಯಲ್ಲ, ಈ ಗಾಡಿಯನ್ನು ನಾನು ಇಷ್ಟಪಡುವುದೇ ಅದಕ್ಕೆ. ಪಟ್ಟಿಗಳು, ರೀಪುಗಳು, ಹಲಗೆಯ ಅರ್ಧಗಳು, ಎಲ್ಲ ನೆಟ್ಟಗೆ ನಿಂತಿರುತ್ತವೆ, ಎಲ್ಲದರ ಮೇಲ್ತುದಿ ಕಣ್ಣೆದುರಿಗೇ ಇರುತ್ತದೆ. ಉದ್ದದ್ದು ಹಿಂದೆ, ಗಿಡ್ಡದ್ದು ಮುಂದೆ ಇರುವುದರಿಂದ ಯಾವುದೂ ಯಾವುದನ್ನೂ ಮರೆ ಮಾಡುವುದಿಲ್ಲ. ಮರದ ತುದಿ ನೋಡಿದರೆ ಎಷ್ಟೋ ವಿಷಯ ತಿಳಿಯುತ್ತದೆ. ತೇಗದ ತುದಿಯಲ್ಲಿ ವರ್ಷದ ಉಂಗುರಗಳು ಎದ್ದು ಕಾಣುತ್ತವೆ, ಉಂಗುರದ ಗೆರೆಯ ಮೇಲೆ ದೊಡ್ಡ ರಂಧ್ರಗಳ ಸಾಲು. ಪೈನ್ ತುದಿಯಲ್ಲಿ ರಂಧ್ರವೇ ಇಲ್ಲ, ತಿಳಿ ಮತ್ತು ಕಪ್ಪು ಪಟ್ಟೆ ಮಾತ್ರ. ಪ್ಲೈವುಡ್ ಪದರ ಎಣಿಸಬಹುದು. ಉಂಗುರ ಹಲಗೆಯ ಅಗಲಕ್ಕೆ ನೆಟ್ಟಗೆ ನಿಂತಿದೆಯೋ, ಕಮಾನಿನಂತೆ ಬಾಗಿದೆಯೋ ಅನ್ನುವುದೂ ಕಾಣುತ್ತದೆ. ನೆಟ್ಟಗೆ ನಿಂತಿದ್ದರೆ ಆ ಹಲಗೆ ಹವೆ ಬದಲಾದಾಗ ಕಮ್ಮಿ ಸೊಟ್ಟಗಾಗುತ್ತದೆ, ಬಾಗಿಲ ಚೌಕಟ್ಟಿಗೋ ಮೇಜಿನ ಕಾಲಿಗೋ ಅದನ್ನೇ ಆರಿಸಬೇಕು. ಇಷ್ಟನ್ನೂ ಒಂದು ತುಂಡನ್ನೂ ಎತ್ತದೆ ನಿಂತಲ್ಲೇ ನೋಡಿಕೊಳ್ಳುತ್ತೇನೆ. ರಾಶಿಯಲ್ಲಿದ್ದಾಗ ಇದು ಸಾಧ್ಯವೇ ಇರಲಿಲ್ಲ.

ಹೋದ ತಿಂಗಳು ಒಂದು ಕನ್ನಡಿ ಚೌಕಟ್ಟು ಮಾಡುವಾಗ ಹೀಗೇ ನಿಂತು ನೋಡಿದೆ. ಮಧ್ಯದ ಸಾಲಿನಲ್ಲಿ ಒಂದೇ ಹಲಗೆಯಿಂದ ಕೊಯ್ದ ನಾಲ್ಕು ಪಟ್ಟಿ ಪಕ್ಕಪಕ್ಕ ನಿಂತಿದ್ದವು, ಬಣ್ಣ ಒಂದೇ, ಎಳೆ ಒಂದೇ. ಮಂಚ ಮಾಡಿದಾಗ ಉಳಿದದ್ದು. ಹೊಸ ಮರ ಮುಟ್ಟದೆ ಚೌಕಟ್ಟು ಮುಗಿಯಿತು. ಅವತ್ತು ನಿಜವಾಗಿ ಖುಷಿಯಾಯಿತು.

ಈ ಗೂಡುಗಳಿಗೆ ಒಂದು ಮಿತಿ ಇದೆ. 4 ಅಡಿಗಿಂತ ಉದ್ದದ ಹಲಗೆಯನ್ನು ಇಲ್ಲಿ ನಿಲ್ಲಿಸಬೇಡಿ. ಮೇಲೆ ತೂಗಾಡುತ್ತದೆ, ಗಾಡಿ ತಳ್ಳುವಾಗ ದೀಪಕ್ಕೆ ತಗಲುತ್ತದೆ, ತಿಂಗಳುಗಟ್ಟಲೆ ಒರಗಿ ನಿಂತರೆ ಬಾಗುತ್ತದೆ ಕೂಡ. ಉದ್ದದ್ದಕ್ಕೆ ಗೋಡೆಯ ಬ್ರಾಕೆಟ್ ಇದೆಯಲ್ಲ, ಅಲ್ಲಿ ಮಲಗಿಸಿ. ಬ್ರಾಕೆಟ್ ಗಟ್ಟಿಯಾಗಿವೆ, ಬೆಸುಗೆ ಚೆನ್ನಾಗಿದೆ, ತುದಿ ಸ್ವಲ್ಪ ಮೇಲಕ್ಕೆ ಎದ್ದಿರುವುದರಿಂದ ಹಲಗೆ ಜಾರುವುದಿಲ್ಲ. ಜೊತೆಗೆ ಕೊಟ್ಟ ಪ್ಲಾಸ್ಟಿಕ್ ಪ್ಲಗ್ ಮಾತ್ರ ಕಸ. ಮರದ ಭಾರಕ್ಕೆ ಅದು ತಾಳುವುದಿಲ್ಲ. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಗೆ ಆಂಕರ್ ಬೋಲ್ಟ್ ಹಾಕಿ. ಜಿಪ್ಸಂ ಹಲಗೆಯ ಗೋಡೆ ಆದರೆ ಒಳಗಿನ ಕಂಬಕ್ಕೇ ಸ್ಕ್ರೂ ಹೋಗಬೇಕು, ಬರೀ ಜಿಪ್ಸಂಗೆ ಹಾಕಿದರೆ ಒಂದು ದಿನ ಎಲ್ಲವೂ ಕೆಳಗೆ ಬರುತ್ತದೆ. ಬ್ರಾಕೆಟ್‌ಗಳ ನಡುವೆ 2 ಅಡಿಗಿಂತ ಜಾಸ್ತಿ ಅಂತರ ಬಿಡಬೇಡಿ, ತೆಳು ಹಲಗೆ ನಡುವೆ ಜೋತು ಬೀಳುತ್ತದೆ.

ಗಾಲಿ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು, ಯಾಕೆಂದರೆ ಅಪಾಯ ಇರುವುದು ಇಲ್ಲೇ. ಕೊಟ್ಟಿರುವುದು 3 ಇಂಚಿನ ಗಟ್ಟಿ ಪ್ಲಾಸ್ಟಿಕ್ ಗಾಲಿ. ಗಾಡಿ 200 ಕೆಜಿ ಹೊರುತ್ತದೆ ಎಂದು ಚೀಟಿ ಅಂಟಿಸಿದ್ದಾರೆ. ಒಂದೊಂದು ಗಾಲಿಯ ಮೇಲೆ 50 ಕೆಜಿ ಅಂತ ಅಚ್ಚಾಗಿದೆ, ನಾಲ್ಕರಿಂದ ಗುಣಿಸಿದ್ದಾರೆ, ಅಷ್ಟೇ. ನೆಲ ಎಲ್ಲಾದರೂ ಅಷ್ಟು ಸಮ ಇರುತ್ತದೆಯಾ? ನೆಲ ಸ್ವಲ್ಪ ಏರುಪೇರಾದರೂ ಒಂದು ಗಾಲಿ ಗಾಳಿಯಲ್ಲಿ ನಿಂತು ಭಾರವೆಲ್ಲ ಉಳಿದ ಮೂರರ ಮೇಲೆ ಬೀಳುತ್ತದೆ. ಹಾಗಾಗಿ ಒಂದು ಗಾಲಿಯ ಶಕ್ತಿಯನ್ನು ಮೂರರಿಂದ ಗುಣಿಸಿ ಲೆಕ್ಕ ಹಾಕುವುದು ಸರಿಯಾದ ಕ್ರಮ. ಆ ಲೆಕ್ಕದಲ್ಲಿ ಇದು 150 ಕೆಜಿ ಗಾಡಿ. ಮರ ಎಷ್ಟು ಬೇಗ ಅಷ್ಟಾಗುತ್ತದೆ ಗೊತ್ತಾ? 8 ಅಡಿಗೆ 4 ಅಡಿಯ 18 ಮಿ.ಮೀ. ಎಂಡಿಎಫ್ ಒಂದು ಪೂರ್ತಿ ಶೀಟ್ ಸುಮಾರು 40 ಕೆಜಿ ತೂಗುತ್ತದೆ. ಅಂಥ ಅರ್ಧ ಶೀಟು ಐದು ಇಟ್ಟರೆ 100 ಕೆಜಿ ಆಯಿತು. ಗಾಡಿಯ ತೂಕ ಬೇರೆ, ಇನ್ನೊಂದು ಬದಿಯ ಹಲಗೆಗಳು ಬೇರೆ.

ಆರನೇ ವಾರದಲ್ಲಿ ಆದದ್ದು ಹೇಳುತ್ತೇನೆ. ಗರಗಸದ ಮೇಜಿಗೆ ಜಾಗ ಬೇಕಿತ್ತು, ಗಾಡಿಯನ್ನು ಗೋಡೆಯ ಕಡೆಗೆ ತಳ್ಳುತ್ತಿದ್ದೆ. ಚೆನ್ನಾಗಿ ಹೋಗುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಗೂಟ ಹೊಡೆದ ಹಾಗೆ ನಿಂತಿತು. ಕೆಳಗೆ ನಿಂತರೂ ಮೇಲ್ಭಾಗ ನಿಲ್ಲಲಿಲ್ಲ, ಮುಂದಕ್ಕೆ ವಾಲಿತು. ನನ್ನ ಕೈಯಲ್ಲಿ ಚೌಕಟ್ಟು ಇದ್ದದ್ದರಿಂದ ಹಿಂದಕ್ಕೆ ಎಳೆದುಕೊಂಡೆ, ಎದುರಿನ ಸಾಲಿನ ಮೂರು ಪಟ್ಟಿ ಮಾತ್ರ ಹೊರಗೆ ಹಾರಿದವು. ಕೂತು ನೋಡಿದರೆ ಗಾಲಿಯ ಮುಂದೆ ಒಂದು ಸಣ್ಣ ಸ್ಕ್ರೂ ಬಿದ್ದಿತ್ತು. ಬೆರಳ ಉಗುರಿನಷ್ಟು. 3 ಇಂಚಿನ ಗಾಲಿಗೆ ಅದನ್ನು ಹತ್ತಿ ಇಳಿಯುವ ಶಕ್ತಿ ಇಲ್ಲ. ಗಾಲಿಯ ಮೇಲೆ ಆಳವಾದ ಗೀರು, ಅದರ ದಿಂಡು ಸ್ವಲ್ಪ ಬಾಗಿತ್ತು. ಮಕ್ಕಳು ಓಡಾಡುವ ಮನೆಯಲ್ಲಿ ಇಂಥದ್ದು ಆಗಲೇಬಾರದು.

ಮರುದಿನವೇ 5 ಇಂಚಿನ ಪಾಲಿಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಗಾಲಿ ಹಾಕಿದೆ, ಒಂದೊಂದು 100 ಕೆಜಿ ಹೊರುವಂಥದ್ದು. ನಾಲ್ಕೂ ಎಲ್ಲ ಕಡೆ ತಿರುಗುವವು, ನಾಲ್ಕಕ್ಕೂ ಲಾಕ್. ಎರಡು ನೇರ ಗಾಲಿ, ಎರಡು ತಿರುಗುವ ಗಾಲಿ ಹಾಕಿದರೆ ನೇರ ದಾರಿಯಲ್ಲಿ ತಳ್ಳಲು ಸುಲಭ, ಆದರೆ ಗಾಡಿಯನ್ನು ಪಕ್ಕಕ್ಕೆ ಸರಿಸಿ ಗೋಡೆಗೆ ಅಂಟಿಸಿ ನಿಲ್ಲಿಸಲು ಆಗುವುದಿಲ್ಲ, ಸಣ್ಣ ಕೋಣೆಯಲ್ಲಿ ಅದೇ ಮುಖ್ಯ. ಹಳೆಯ ತೂತುಗಳು ಹೊಸ ಗಾಲಿಗೆ ಕೂಡಲಿಲ್ಲ, ಪ್ರತಿ ಮೂಲೆಗೂ ಒಂದು 18 ಮಿ.ಮೀ. ಪ್ಲೈವುಡ್ ತುಂಡು ಕೊಟ್ಟು ಅದಕ್ಕೆ ಬೋಲ್ಟ್ ಮಾಡಿದೆ. ಉಳಿಕೆಯ ಮೊದಲ ಒಳ್ಳೆಯ ಉಪಯೋಗ ಗಾಡಿಗೇ ಆಯಿತು. ಈಗ ಒಂದು ಕೈಯಲ್ಲಿ ತಳ್ಳುತ್ತೇನೆ. ತಯಾರಿಸುವವರು ಇದನ್ನು ಓದಿದರೆ ಒಂದೇ ಕೋರಿಕೆ, ಬೇರೆ ಏನು ಉಳಿಸಿದರೂ ಗಾಲಿಯಲ್ಲಿ ಉಳಿಸಬೇಡಿ.

ಭಾರ ಹಂಚುವುದೂ ನೆನಪಿರಲಿ. ಶೀಟ್ ಬದಿ ಯಾವಾಗಲೂ ಜಾಸ್ತಿ ಭಾರ ಆಗುತ್ತದೆ. ಎದುರು ಬದಿಯ ಗೂಡುಗಳನ್ನು ಒಂದೇ ಸಲ ಖಾಲಿ ಮಾಡಿದರೆ ಗಾಡಿ ಒಂದು ಕಡೆ ವಾಲಿದಂತೆ ಅನಿಸುತ್ತದೆ. ನಾನು ದಪ್ಪ, ಭಾರದ ತುಂಡುಗಳನ್ನು ಆ ಬದಿಯ ಕೆಳಗಿನ ಪೆಟ್ಟಿಗೆಯ ಹಿಂಭಾಗದಲ್ಲಿ ಕಾಯಂ ಇಟ್ಟಿದ್ದೇನೆ.

ಆ ಪೆಟ್ಟಿಗೆಯ ವಿಷಯಕ್ಕೆ ಬಂದೆ. ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. 15 ಇಂಚು ಆಳ. ಮೊದಲ ತಿಂಗಳು ಬಹಳ ಹಿತವಾಗಿತ್ತು, ಕೈಗೆ ಸಿಕ್ಕ ಚೂರನ್ನೆಲ್ಲ ಅದಕ್ಕೆ ಹಾಕುತ್ತಿದ್ದೆ, ನೆಲ ಸ್ವಚ್ಛ. ಮೂರನೇ ತಿಂಗಳಿಗೆ ಅದು ನನ್ನ ಹಳೆಯ ಗೋಣಿಚೀಲವೇ ಆಯಿತು. ಮೇಲಿನ ಒಂದು ಪದರ ಕಾಣುತ್ತದೆ, ಉಳಿದದ್ದು ಇದ್ದೂ ಇಲ್ಲದ ಹಾಗೆ. ಒಂದು ಡ್ರಾಯರ್ ಹಿಡಿಕೆಗೆ ಕಪ್ಪು ಛಾಯೆಯ ತೇಗದ ಚೂರು ಬೇಕಿತ್ತು, ಇದೆ ಅಂತ ಗೊತ್ತಿತ್ತು, ಹತ್ತು ನಿಮಿಷ ಕೆದಕಿದೆ, ಸಿಗಲಿಲ್ಲ. ಒಳ್ಳೆಯ ಹಲಗೆಯ ಮೂಲೆ ಕತ್ತರಿಸಿ ಮಾಡಿದೆ. ಎರಡು ತಿಂಗಳ ಮೇಲೆ ಪೆಟ್ಟಿಗೆ ಪೂರ್ತಿ ಬೋರಲು ಹಾಕಿದಾಗ ಅದೇ ಚೂರು ತಳದಲ್ಲಿತ್ತು.

ತಳದಲ್ಲಿ ಅದೊಂದೇ ಇರಲಿಲ್ಲ. ಒಂದು ಕಡೆ ಬಿಳಿ ಹಿಟ್ಟಿನ ಸಣ್ಣ ಗುಡ್ಡೆ ಕಂಡಿತು. ಗರಗಸದ ಹುಡಿ ಇರಬಹುದು ಅಂದುಕೊಂಡೆ. ಬೆರಳಲ್ಲಿ ತಿಕ್ಕಿದರೆ ಪೌಡರ್‌ನಷ್ಟು ನಯ. ಗರಗಸದ ಹುಡಿ ಹಾಗಿರುವುದಿಲ್ಲ, ತರಿತರಿ ಇರುತ್ತದೆ. ಪಕ್ಕದಲ್ಲಿದ್ದ ರಬ್ಬರ್ ಮರದ ತುಂಡು ಎತ್ತಿ ಮೇಜಿಗೆ ತಟ್ಟಿದೆ. ಗುಂಡುಸೂಜಿಯ ತಲೆಯಷ್ಟು ತೂತುಗಳು ಏಳೆಂಟು, ಪ್ರತಿ ತೂತಿನಿಂದಲೂ ಹಿಟ್ಟು ಸುರಿಯಿತು. ಕುಟ್ಟೆ ಹುಳ. ಲಿಕ್ಟಸ್ ಜಾತಿಯ ಈ ಸಣ್ಣ ಜೀರುಂಡೆಯ ಮರಿ ಅಗಲ ಎಲೆಯ ಮರಗಳ ಹೊರಭಾಗದ ಬಿಳಿ ಮರದಲ್ಲಿರುವ ಪಿಷ್ಟ ತಿಂದು ಬದುಕುತ್ತದೆ. ರಬ್ಬರ್ ಮರದಲ್ಲಿ ಪಿಷ್ಟ ಜಾಸ್ತಿ, ಅದಕ್ಕೇ ಮೊದಲು ಅದನ್ನೇ ಹಿಡಿಯುತ್ತದೆ. ತೇಗದ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಮರಕ್ಕೆ, ಪೈನ್‌ಗೆ ಅದು ಬರುವುದಿಲ್ಲ. ತಾಯಿ ಹುಳ ಮೊಟ್ಟೆ ಇಡುವುದು ಮರದ ತೆರೆದ ರಂಧ್ರಗಳಲ್ಲಿ, ಬಣ್ಣ ಅಥವಾ ವಾರ್ನಿಷ್ ಹಚ್ಚಿ ಆ ರಂಧ್ರ ಮುಚ್ಚಿದ್ದರೆ ಇಡಲು ಜಾಗ ಇರುವುದಿಲ್ಲ. ಹಿಡಿದ ತುಂಡನ್ನು ಮಾತ್ರ ಇಟ್ಟುಕೊಳ್ಳಬಾರದು. ಅವತ್ತೇ ಎರಡು ತುಂಡು ಹೊರಗೆ ಹಾಕಿದೆ, ಪೆಟ್ಟಿಗೆ ಗುಡಿಸಿದೆ, ಉಳಿದ ಬಿಳಿ ಮರದ ತುಂಡುಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದೆ. ಪೆಟ್ಟಿಗೆ ಅಷ್ಟು ಆಳ ಇರದಿದ್ದರೆ ಇದು ಮೂರು ತಿಂಗಳು ಮೊದಲೇ ಕಣ್ಣಿಗೆ ಬೀಳುತ್ತಿತ್ತು.

ಆಮೇಲೆ ನಾನು ಆ ಪೆಟ್ಟಿಗೆಯೊಳಗೆ ಎರಡು ಅಂತಸ್ತು ಮಾಡಿದೆ. 4 ಇಂಚು ಆಳದ ಎರಡು ತಟ್ಟೆ, ಒಂದರ ಮೇಲೊಂದು, ಬದಿಗೆ ಹೊಡೆದ ರೀಪಿನ ಮೇಲೆ ಜಾರುತ್ತವೆ. ತಳದಲ್ಲಿ ಉಳಿದ ಜಾಗ ಭಾರದ ದಿಮ್ಮಿಗಳಿಗೆ. ತಟ್ಟೆಯಲ್ಲಿ ಚೂರುಗಳು ಒಂದು ಪದರ, ಜಾಸ್ತಿ ಅಂದರೆ ಎರಡು ಪದರ ನಿಲ್ಲುತ್ತವೆ. ಎಳೆದರೆ ಎಲ್ಲ ಕಾಣುತ್ತದೆ. ಇದನ್ನು ಮಾಡಿದವರೇ ಕೊಟ್ಟಿದ್ದರೆ ಈ ಗಾಡಿಗೆ ಇನ್ನೂ ಅರ್ಧ ನಕ್ಷತ್ರ ಕೊಡುತ್ತಿದ್ದೆ.

ತಟ್ಟೆ ಸಣ್ಣದಾದದ್ದರಿಂದ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಲೇಬೇಕಾಯಿತು. ಗಾಡಿ ಎಷ್ಟೇ ಚೆನ್ನಾಗಿದ್ದರೂ ಆ ಕೆಲಸ ನಮ್ಮದೇ. ನನ್ನ ಕ್ರಮ ಹೀಗಿದೆ. ಮಾಮೂಲಿ ಮರ 1 ಅಡಿಗಿಂತ ಗಿಡ್ಡ ಇದ್ದರೆ ಇಡುವುದಿಲ್ಲ. ಇದಕ್ಕೆ ಕಾರಣ ಇದೆ. ಮನೆಯಲ್ಲಿ ಬಳಸುವ, ಹಲಗೆಯ ಮೈ ಹೆರೆಯುವ ಪ್ಲೇನರ್ ಯಂತ್ರದೊಳಗೆ ಎರಡು ರೋಲರ್ ಇರುತ್ತವೆ, ತುಂಡು ಒಂದನ್ನು ಬಿಡುವ ಮೊದಲು ಇನ್ನೊಂದಕ್ಕೆ ಸಿಗಬೇಕು. ಗಿಡ್ಡ ತುಂಡು ನಡುವೆ ಸಿಕ್ಕಿಕೊಂಡರೆ ಬ್ಲೇಡು ಅದನ್ನು ಎತ್ತಿ ಒಗೆಯುತ್ತದೆ. ನಿಮ್ಮ ಯಂತ್ರದ ಪುಸ್ತಕದಲ್ಲಿ ಕನಿಷ್ಠ ಉದ್ದ ಬರೆದಿರುತ್ತದೆ, ಅದನ್ನೇ ಗಡಿ ಮಾಡಿಕೊಳ್ಳಿ. ಟೇಬಲ್ ಗರಗಸದಲ್ಲೂ ತುಂಡು ಗಿಡ್ಡ ಆದಷ್ಟೂ ಬೆರಳು ಬ್ಲೇಡಿಗೆ ಹತ್ತಿರ. ಹಾಗಾಗಿ ಬಳಸಲು ಆಗದ ಗಿಡ್ಡ ತುಂಡನ್ನು ಆಸೆಗೆ ಇಟ್ಟುಕೊಂಡರೆ ಒಂದು ದಿನ ಅದನ್ನು ಬಳಸಲು ಹೋಗಿ ಕೈ ನೋಯಿಸಿಕೊಳ್ಳುತ್ತೇವೆ. ಬಣ್ಣದ, ಗಟ್ಟಿಯಾದ, ದುರ್ಲಭ ಮರ ಆದರೆ ಗಿಡ್ಡ ಇದ್ದರೂ ಇಡುತ್ತೇನೆ, ಹಿಡಿಕೆಗೆ, ಬೆಣೆಗೆ, ಕೈಗರಗಸದಲ್ಲಿ ಕೊಯ್ಯುವ ಕೆಲಸಕ್ಕೆ. ಎಂಡಿಎಫ್ 2 ಅಡಿ ಚೌಕಕ್ಕಿಂತ ಸಣ್ಣದಾದರೆ ಹೊರಗೆ. ಪ್ಲೈವುಡ್ ಸ್ವಲ್ಪ ಸಣ್ಣದಾದರೂ ಇರಲಿ, ಡ್ರಿಲ್ ಮಾಡುವಾಗ ಕೆಳಗೆ ಇಡಲು, ಕ್ಲ್ಯಾಂಪ್ ಕಚ್ಚದ ಹಾಗೆ ನಡುವೆ ಕೊಡಲು ಬೇಕಾಗುತ್ತದೆ.

ಒಂದು ತುಂಡನ್ನು ಮಾತ್ರ ಯಾವ ಕಾರಣಕ್ಕೂ ಬೇಗ ಎಸೆಯಬೇಡಿ. ಈಗ ಮಾಡುತ್ತಿರುವ ಕೆಲಸದ ಹಲಗೆಯಿಂದಲೇ ಉಳಿದ ತುಂಡು. ಪಾಲಿಶ್ ಹೇಗೆ ಬರುತ್ತದೆ ಅಂತ ನೋಡಲು ಅದಕ್ಕಿಂತ ಒಳ್ಳೆಯದು ಇಲ್ಲ, ಬೇರೆ ಹಲಗೆಯ ಮೇಲೆ ನೋಡಿದರೆ ಬಣ್ಣ ಬೇರೆಯೇ ಬರುತ್ತದೆ. ಕೆಲಸದ ಮೇಲೆ ಉಜ್ಜಿದಷ್ಟೇ ಅದನ್ನೂ ಉಜ್ಜಿ, ಅದರ ಮೇಲೆ ಹಚ್ಚಿ, ಒಣಗಲು ಬಿಟ್ಟು ನೋಡಿ. ನಾನು ಮುಂದಿನ ಸಾಲಿನ ಮೊದಲ ಗೂಡನ್ನು ಇದಕ್ಕೇ ಮೀಸಲಿಟ್ಟಿದ್ದೇನೆ, ಕೆಲಸ ಪೂರ್ತಿ ಮುಗಿದು ಕೋಣೆಯಿಂದ ಹೊರಗೆ ಹೋದ ಮೇಲೇ ಆ ಗೂಡು ಖಾಲಿ.

ಪ್ರತಿ ತುಂಡಿನ ತುದಿಗೂ ಪೆನ್ಸಿಲ್‌ನಲ್ಲಿ ಮೂರು ವಿಷಯ ಬರೆಯುತ್ತೇನೆ, ಯಾವ ಮರ, ಎಷ್ಟು ದಪ್ಪ, ಯಾವ ತಿಂಗಳು. ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆದು ಬರೆಯಿರಿ. 18 ಮಿ.ಮೀ. ಅಂತ ಮಾರಿದ ಪ್ಲೈವುಡ್ ನಿಜವಾಗಿ ಅದಕ್ಕಿಂತ ಸ್ವಲ್ಪ ತೆಳ್ಳಗೇ ಇರುವುದು ಸಾಮಾನ್ಯ, ತೋಡು ಕೊರೆಯುವಾಗ ಆ ಅರ್ಧ ಮಿಲಿಮೀಟರಿಗೇ ಕಪಾಟು ಸಡಿಲ ಆಗುತ್ತದೆ. ಪೇಪರ್ ಟೇಪ್ ಅಂಟಿಸಿ ಬರೆಯುವವರೂ ಇದ್ದಾರೆ, ಒಳ್ಳೆಯದೇ, ಆದರೆ ವರ್ಷ ಕಳೆದ ಟೇಪ್ ಕಿತ್ತರೆ ಅಂಟು ಮರದಲ್ಲೇ ಉಳಿಯುತ್ತದೆ. ಹಳೆಯ ಪ್ಯಾಲೆಟ್ (ಸರಕು ಇಟ್ಟು ಸಾಗಿಸುವ ಮರದ ಅಡಿಹಲಗೆ) ಬಿಚ್ಚಿ ಮರ ತರುವವರು ಅದರ ಮೇಲಿನ ಮುದ್ರೆ ನೋಡಿಕೊಳ್ಳಿ. ಎಚ್‌ಟಿ ಅಂತ ಇದ್ದರೆ ಶಾಖ ಕೊಟ್ಟದ್ದು, ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಅನಿಲ ಹಾಯಿಸಿದ್ದು, ಅದನ್ನು ನಾನು ಗಾಡಿಗೆ ಹತ್ತಿಸುವುದಿಲ್ಲ.

ತೇವದ ವಿಷಯದಲ್ಲಿ ಗಾಡಿ ಒಳ್ಳೆಯ ಕೆಲಸ ಮಾಡಿದೆ. ಮೊದಲು ನೆಲಕ್ಕೆ ತಾಗಿ ನಿಂತಿದ್ದ ಎಂಡಿಎಫ್ ತುಂಡುಗಳ ಕೆಳ ಅಂಚು ಮಳೆಯ ದಿನಗಳಲ್ಲಿ ಉಬ್ಬಿ ಬಿಸ್ಕೆಟ್ಟಿನ ಹಾಗೆ ಪುಡಿಯಾಗುತ್ತಿತ್ತು. ಈಗ ಎಲ್ಲವೂ ನೆಲದಿಂದ ಮೇಲಿದೆ, ಒಂದೂ ಉಬ್ಬಿಲ್ಲ. ನೆಲದಿಂದ ಗೆದ್ದಲು ಬಂದರೂ ಗಾಲಿ ಹತ್ತಿಯೇ ಬರಬೇಕು, ಅದರ ಮಣ್ಣಿನ ಗೂಡು ಕಣ್ಣಿಗೆ ಕಾಣುತ್ತದೆ. ಆದರೆ ಗಾಳಿಯ ತೇವವನ್ನು ಯಾವ ಗಾಡಿಯೂ ತಡೆಯುವುದಿಲ್ಲ. ಗಾಳಿಯಲ್ಲಿ ತೇವಾಂಶ ಶೇ. 65ರ ಆಸುಪಾಸು ಇದ್ದರೆ ಮರ ಸುಮಾರು ಶೇ. 12ಕ್ಕೆ ಬಂದು ನಿಲ್ಲುತ್ತದೆ, ಗಾಳಿ ಒಣಗಿದರೆ ಅದೂ ಇಳಿಯುತ್ತದೆ, ಇಳಿದಂತೆ ಹಲಗೆ ಅಗಲದಲ್ಲಿ ಕುಗ್ಗುತ್ತದೆ. ತುದಿಯಿಂದ ತೇವ ಹೋಗುವ ವೇಗ ಮೈಯಿಂದ ಹೋಗುವುದಕ್ಕಿಂತ ಹತ್ತು ಪಟ್ಟು ಜಾಸ್ತಿ, ಅದಕ್ಕೇ ಸರಿಯಾಗಿ ಒಣಗದ ಹಲಗೆ ತುದಿಯಲ್ಲೇ ಸೀಳುವುದು. ಹಸಿ ಅನಿಸಿದ ತುಂಡಿನ ಎರಡೂ ತುದಿಗೆ ಉಳಿದ ಪೇಂಟೋ ಮೇಣವೋ ಹಚ್ಚಿಯೇ ಗೂಡಿಗೆ ಹಾಕಿ.

ಕೊನೆಗೆ ಒಂದು ದೂರು, ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಗಾಡಿಯ ಪಕ್ಕದಲ್ಲಿ ಒಂದು ಸಣ್ಣ ತಗಡಿನ ತೊಟ್ಟಿ ಇದೆ, ಜೋಡಿಸುವ ಕ್ರಮ ಬರೆದ ಕಾಗದದ ಚಿತ್ರದಲ್ಲಿ ಅದರೊಳಗೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಇಟ್ಟಿದ್ದಾರೆ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರುವಾಗ ಬಿಸಿ ಹುಟ್ಟುತ್ತದೆ. ಬಟ್ಟೆ ಹರಡಿದ್ದರೆ ಆ ಬಿಸಿ ಹೊರಗೆ ಹೋಗುತ್ತದೆ, ಮುದ್ದೆಯಾಗಿದ್ದರೆ ಒಳಗೇ ಏರುತ್ತಾ ಹೋಗಿ ಬೆಂಕಿ ಸೋಕದೆಯೇ ತಾನಾಗಿ ಹೊತ್ತಿಕೊಳ್ಳಬಹುದು. ಅದೂ ಒಣ ಮರದ ಗಾಡಿಯ ಪಕ್ಕದಲ್ಲಿ! ಆ ಚಿತ್ರ ತೆಗೆಯಿರಿ ಅಂತ ಮಾರಿದವರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಎಣ್ಣೆ ಬಟ್ಟೆಯನ್ನು ಬಯಲಲ್ಲಿ ಒಂದೊಂದಾಗಿ ಹರಡಿ, ಗಟ್ಟಿಯಾಗಿ ಒಣಗಿದ ಮೇಲೇ ಕಸಕ್ಕೆ ಹಾಕಿ. ಆ ತೊಟ್ಟಿಯಲ್ಲಿ ನಾನು ಪೆನ್ಸಿಲ್, ಟೇಪು, ಕ್ಯಾಲಿಪರ್ ಇಟ್ಟಿದ್ದೇನೆ, ತುಂಡು ಗೂಡಿಗೆ ಹೋಗುವ ಮೊದಲೇ ಕೈಗೆ ಸಿಗುತ್ತವೆ.

ಇಂಥದ್ದನ್ನು ನೀವೇ ಮಾಡಿಕೊಳ್ಳಬಹುದಾ ಅಂದರೆ, ಮಾಡಿಕೊಳ್ಳಬಹುದು. ಎರಡು ಶೀಟ್ 18 ಮಿ.ಮೀ. ಪ್ಲೈವುಡ್, ಒಳ್ಳೆಯ ಗಾಲಿ, ಒಂದು ರಜೆಯ ದಿನ. ನಿಮ್ಮ ಉಳಿಕೆಯ ಅಳತೆಗೇ ಗೂಡು ಮಾಡಿಕೊಳ್ಳಬಹುದು, ಆಳದ ಪೆಟ್ಟಿಗೆ ಬಿಟ್ಟು ಮೊದಲಿಂದಲೇ ತಟ್ಟೆ ಕೂರಿಸಬಹುದು. ನಾನು ಕೊಂಡದ್ದು ಯಾಕೆಂದರೆ ಆಗ ಕೋಣೆಯಲ್ಲಿ ಎರಡು ಶೀಟ್ ಹರಡಲು ಜಾಗವೇ ಇರಲಿಲ್ಲ, ರಾಶಿಯೇ ತುಂಬಿತ್ತು. ಅದೇ ಪಾಡು ನಿಮ್ಮದೂ ಆಗಿದ್ದರೆ ಕೊಳ್ಳಿ, ಕೊಳ್ಳುವಾಗಲೇ 5 ಇಂಚಿನ ಗಾಲಿಯನ್ನೂ ತರಿಸಿಕೊಳ್ಳಿ, ಜೋಡಿಸುವಾಗಲೇ ಹಾಕಿಬಿಡಿ, ಮರ ತುಂಬಿದ ಮೇಲೆ ಗಾಡಿ ಎತ್ತಿ ಗಾಲಿ ಬಿಚ್ಚುವುದು ಇಬ್ಬರ ಕೆಲಸ. ಐದರಲ್ಲಿ ಮೂರೂವರೆ ನಕ್ಷತ್ರ ಕೊಡುತ್ತಿದ್ದೇನೆ. ಅರ್ಧ ಗಾಲಿಗೆ, ಅರ್ಧ ಪೆಟ್ಟಿಗೆಗೆ ಕಳೆದೆ. ಮಾರಿದವರು ತಮ್ಮ ಕಾಗದದಲ್ಲಿ ಆ ಎಣ್ಣೆ ಬಟ್ಟೆಯ ಚಿತ್ರ ತಿದ್ದುವವರೆಗೆ ಉಳಿದ ಅರ್ಧ ತಡೆಹಿಡಿದಿದ್ದೇನೆ, ತಿದ್ದಿದ ದಿನ ಇಲ್ಲೇ ಬಂದು ನಾಲ್ಕು ಮಾಡುತ್ತೇನೆ.